ಎಡಕ್ಕೆ ಎಳೆಯುತ್ತಿದ್ದ ಗರಗಸ

ಗರಗಸ ಬಂದದ್ದು ಗೋಣಿಚೀಲದಲ್ಲಿ ಸುತ್ತಿಕೊಂಡು. ತಂದವರು ಪಾಂಡವಪುರದ ಹತ್ತಿರದ ಒಂದು ಹಳ್ಳಿಯ ಆಚಾರ್ರು, ಅರವತ್ತೈದು ದಾಟಿದವರು. ಬೆಳಗಿನ ರೈಲಿಗೆ ಮೈಸೂರಿಗೆ ಬಂದು, ಅಶೋಕ ರಸ್ತೆಯಲ್ಲಿ ತಿರುಪುಮೊಳೆ, ಕದದ ಕೀಲು ಎಲ್ಲ ಕೊಂಡುಕೊಂಡು, ಹನ್ನೊಂದರ ಹೊತ್ತಿಗೆ ನಮ್ಮ ಮನೆ ಜಗಲಿ ಮೇಲೆ ಕೂತಿದ್ದರು. ನಾನು ಬಡಗಿಯಲ್ಲ. ಹಳೇ ಕೈ ಉಪಕರಣ ಸರಿಮಾಡುವ ಹುಚ್ಚು ಇದೆ ಅಷ್ಟೆ, ಅದು ಹೇಗೋ ಬಾಯಿಂದ ಬಾಯಿಗೆ ಅವರ ಊರಿನ ತನಕ ಹೋಗಿತ್ತು.

"ಎಡಕ್ಕೆ ಎಳೀತದೆ ಕಣಪ್ಪ. ಗೆರೆ ಒಂದು ಕಡೆ, ಇದು ಒಂದು ಕಡೆ" ಅಂದರು. ದೂರು ಇಷ್ಟೇ. ಮೊಂಡಾಗಿದೆ ಅಂತ ಅವರು ಹೇಳಲೇ ಇಲ್ಲ. ಅರ ಹಾಕುವುದು, ಅಂದರೆ ಅರದಿಂದ ಉಜ್ಜಿ ಹಲ್ಲು ಚೂಪು ಮಾಡುವುದು ಅವರಿಗೆ ಗೊತ್ತು, ನಲವತ್ತು ವರ್ಷದಿಂದ ಹಾಕುತ್ತಿದ್ದಾರೆ. ಆಲೆಮನೆಗಳಿಗೆ ಅಚ್ಚು ಬೆಲ್ಲದ ಮರದ ಅಚ್ಚು ಮಾಡಿಕೊಡುವುದು ಅವರ ಮುಖ್ಯ ಕೆಲಸ, ಜೊತೆಗೆ ಊರಿನ ಬಾಗಿಲು, ಕಿಟಕಿ. ಕರೆಂಟ್ ಇದ್ದಾಗ ಮೆಷಿನ್, ಇಲ್ಲದಾಗ ಈ ಗರಗಸ. ಅಚ್ಚಿನ ಹಲಗೆ ಸೊಟ್ಟ ಕೊಯ್ದರೆ ಜೋಡಣೆ ಕೂರುವುದಿಲ್ಲ, ಸಂದಿನಲ್ಲಿ ಬಿಸಿ ಪಾಕ ಸೋರುತ್ತದೆ. ಹಾಗಾಗಿ ಅವರಿಗೆ ಇದು ಸಣ್ಣ ದೂರಲ್ಲ.

ಮೊದಲು ನೋಡಿದ್ದು ಏನೇನು ಅಂತ ಹೇಳಿಬಿಡುತ್ತೇನೆ. ಅಲಗು 26 ಇಂಚು. ಹಲ್ಲು ಇಂಚಿಗೆ 7, ಅಂದರೆ ಒಟ್ಟು 182. ಅಲಗಿನ ದಪ್ಪ 0.9 ಮಿ.ಮೀ. ತುಕ್ಕು ಎರಡೂ ಕಡೆ, ಆದರೆ ಆಳಕ್ಕೆ ಇಳಿದಿರಲಿಲ್ಲ. ಹಿಡಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಸುತ್ತಿ ಹಾವಿನ ಹೊಟ್ಟೆ ಥರ ಆಗಿತ್ತು. ಹಲ್ಲುಗಳು ಒಂದು ದೊಡ್ಡದು, ಪಕ್ಕದ್ದು ಚಿಕ್ಕದು, ಮತ್ತೆ ದೊಡ್ಡದು, ಹಾಲುಹಲ್ಲು ಬೀಳುವ ವಯಸ್ಸಿನ ಹುಡುಗನ ಬಾಯಿ ಇದ್ದ ಹಾಗೆ. ಹಿಡಿಯ ಕಡೆಯಿಂದ ಒಂದು ಕಣ್ಣು ಮುಚ್ಚಿ ಹಲ್ಲಿನ ಸಾಲಿನುದ್ದಕ್ಕೆ ನೋಡಿದರೆ ಅಲಗು ಮಧ್ಯದಲ್ಲಿ ಸ್ವಲ್ಪ ಬಾಗಿತ್ತು. ಎಡಕ್ಕೇ.

ಸಿಕ್ಕಿತು ಅಂದುಕೊಂಡೆ. ಅಲಗು ಎಡಕ್ಕೆ ಬಾಗಿದೆ, ಗರಗಸ ಎಡಕ್ಕೆ ಎಳೆಯುತ್ತದೆ, ಇನ್ನೇನು ಬೇಕು? "ಬಿಟ್ಟು ಹೋಗಿ ಆಚಾರ್ರೇ, ಒಂದು ವಾರದಲ್ಲಿ ಕೊಡುತ್ತೇನೆ" ಅಂತ ದೊಡ್ಡ ಮನುಷ್ಯನ ಹಾಗೆ ಹೇಳಿ ಕಳಿಸಿದೆ.

ತುಕ್ಕಿನ ಕೆಲಸ ಮೊದಲು. ತುಂಬಾ ಜನ ಹುಣಸೆಹಣ್ಣಿನ ನೀರಿನಲ್ಲಿ ನೆನೆಸುತ್ತಾರೆ. ತುಕ್ಕು ಹೋಗುತ್ತದೆ ನಿಜ, ಆದರೆ ಜಾಸ್ತಿ ಹೊತ್ತು ಬಿಟ್ಟರೆ ಉಕ್ಕು ಕಪ್ಪಾಗಿ, ಮುಖವೆಲ್ಲ ಮಂಕಾಗುತ್ತದೆ. ಅಲಗಿನ ಮೇಲೆ ಕಂಪನಿಯ ಗುರುತು ಏನಾದರೂ ಕೊರೆದಿದ್ದರೆ ಅದೂ ಮಸುಕಾಗುತ್ತದೆ. ನಾನು ಮಾಡುವುದು ಸೀಮೆಎಣ್ಣೆ ಬಳಿದು, ಹಳೇ ಶೇವಿಂಗ್ ಬ್ಲೇಡನ್ನು ಓರೆಯಾಗಿ ಹಿಡಿದು ಕೆರೆಯುವುದು. ತುಕ್ಕು ಕಾಫಿ ಗಸಿಯ ಹಾಗೆ ಸುರುಳಿಯಾಗಿ ಬರುತ್ತದೆ, ಕೆಳಗಿನ ಉಕ್ಕಿಗೆ ಏನೂ ಆಗುವುದಿಲ್ಲ. ಆಮೇಲೆ ಮರದ ತುಂಡಿಗೆ ಸುತ್ತಿದ 320 ನಂಬರಿನ ನೀರು ಕಾಗದ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ), ಕೊನೆಗೆ 400. ಬೆರಳಿನಲ್ಲಿ ಒತ್ತಿ ಉಜ್ಜಬಾರದು, ಬೆರಳು ಗುಂಡಿಯೊಳಗೆ ಇಳಿದು ಗುರುತನ್ನೂ ತಿಂದುಹಾಕುತ್ತದೆ.

ಒಂದು ಗಂಟೆ ಕೆರೆದ ಮೇಲೆ ಅಕ್ಷರ ಕಂಡವು. ಸ್ಪಿಯರ್ ಅಂಡ್ ಜಾಕ್ಸನ್, ಶೆಫೀಲ್ಡ್. ಇಂಗ್ಲೆಂಡಿನ ಕಂಪನಿ. ಅದರ ಕೆಳಗೆ ಸಣ್ಣದಾಗಿ ಕಾಸ್ಟ್ ಸ್ಟೀಲ್. ಮೂಸೆಯಲ್ಲಿ ಕರಗಿಸಿ ಮಾಡಿದ ಉಕ್ಕು ಅಂತ ಅರ್ಥ. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಶೆಫೀಲ್ಡ್‌ನಲ್ಲಿ ಈ ವಿಧಾನ ಶುರುಮಾಡಿದ ಮೇಲೆ ಚಾಕುಗಳಿಗೆ ಮೊದಲೇ ಹೆಸರಾಗಿದ್ದ ಆ ಊರು ಗರಗಸ, ಉಳಿಗಳ ಊರೂ ಆಯಿತು. ನಮ್ಮ ಕಡೆ ಮೂಸೆ ಉಕ್ಕು ಅದಕ್ಕೂ ಎಷ್ಟೋ ಹಿಂದಿನದು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಇಲ್ಲಿಯ ಕುಲುಮೆಗಳನ್ನು ನೋಡಿ ಬರೆದಿಟ್ಟಿದ್ದಾನೆ. ಈ ಉಕ್ಕಿಗೆ ಇಂಗ್ಲಿಷರು ಹೇಳುವ ವೂಟ್ಜ್ ಅನ್ನುವ ಮಾತು ನಮ್ಮ 'ಉಕ್ಕು' ಅನ್ನುವ ಪದದಿಂದಲೇ ಬಂದದ್ದು ಅಂತಲೂ ಹೇಳುತ್ತಾರೆ. ಇರಲಿ, ಗರಗಸಕ್ಕೆ ಬರೋಣ.

ಹಿಡಿ ಬಿಚ್ಚಬೇಕಿತ್ತು. ಹಿತ್ತಾಳೆಯ ನಟ್ಟುಗಳು, ಹಳೇ ಕಾಲದವು, ಮಧ್ಯೆ ಬೋಲ್ಟಿನ ತುದಿ ಕಾಣುತ್ತದೆ, ಅದರ ಎರಡು ಪಕ್ಕದಲ್ಲಿ ಕಚ್ಚು. ಮಾಮೂಲಿ ಸ್ಕ್ರೂಡ್ರೈವರ್ ಹಾಕಿದರೆ ಜಾರಿ ನಟ್ಟಿನ ಮುಖ ಕೆಡುತ್ತದೆ. ಹಳೇ ಸ್ಕ್ರೂಡ್ರೈವರ್ ಒಂದರ ತುದಿಗೆ ಮಧ್ಯದಲ್ಲಿ ಅರದಿಂದ ಕಚ್ಚು ಹಾಕಿದೆ, ಕವೆಯ ಹಾಗೆ ಆಯಿತು, ಸಲೀಸಾಗಿ ಬಂತು. ನಟ್ಟುಗಳಿಗೆ ಮಾತ್ರ ಹುಣಸೆಹಣ್ಣು, ಉಪ್ಪು. "ದೀಪ ತೊಳೆಯೋಕೆ ಇಟ್ಟಿದ್ದ ಹುಣಸೆಹಣ್ಣು ಎಲ್ಲಿ ರೀ?" ಅಂತ ಒಳಗಿನಿಂದ ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ.

ಟ್ಯೂಬ್ ಬಿಚ್ಚಿ ಕಸದ ಬುಟ್ಟಿಗೆ ಹಾಕಿದೆ. ಕೆಳಗೆ ಬೀಚ್ ಅನ್ನುವ ವಿದೇಶಿ ಮರದ ಚೆಂದದ ಹಿಡಿ ಇತ್ತು, ಎಣ್ಣೆ, ಬೆವರು ಕುಡಿದು ಕಪ್ಪಾಗಿತ್ತು. ಮೆತ್ತಗೆ ಉಜ್ಜಿ, ಅಗಸೆ ಎಣ್ಣೆ ಮೂರು ಸಲ, ದಿನಕ್ಕೊಂದು ಸಲ. ಒಂದು ಮಾತು: ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುತ್ತಾ ಅದು ತಾನೇ ಬಿಸಿಯಾಗುತ್ತದೆ, ಬೆಂಕಿಯೂ ಹತ್ತುತ್ತದೆ. ನೀರಿನ ಬಕೆಟ್ಟಿಗೆ ಹಾಕಿ.

ಇನ್ನು ಬಾಗು. ಎರಡು ಸಂಜೆ ಅದಕ್ಕೇ ಹೋಯಿತು. ಉಲ್ಟಾ ಬಗ್ಗಿಸಿ ನೋಡಿದೆ, ಮರದ ಕೊರಡಿನ ಮೇಲೆ ಇಟ್ಟು ಗುಂಡು ಮೂತಿಯ ಸುತ್ತಿಗೆಯಿಂದ ಉಬ್ಬಿನ ಕಡೆ ಮೆಲ್ಲ ಮೆಲ್ಲಗೆ ಬಡಿದೆ, ಕಣ್ಣಿಟ್ಟು ನೋಡಿದೆ, ಮತ್ತೆ ಬಡಿದೆ, ಒಂದು ಸಲ ಜಾಸ್ತಿಯಾಗಿ ಆಚೆ ಕಡೆ ಬಾಗಿತು, ಅದನ್ನು ಸರಿಮಾಡಲು ಮತ್ತೆ ಅರ್ಧ ಗಂಟೆ. ಕೊನೆಗೆ ದಾರ ಎಳೆದ ಹಾಗೆ ನೆಟ್ಟಗಾಯಿತು. 4 ಇಂಚು ಅಗಲದ ಬೇವಿನ ಹಲಗೆಗೆ ಮೂಲೆಮಟ್ಟದಿಂದ ಗೆರೆ ಹಾಕಿ ಕೊಯ್ದೆ.

ಎಡಕ್ಕೆ 5 ಮಿ.ಮೀ. ಹೋಯಿತು. ಬಡಿಯುವ ಮುಂಚೆಯೂ ಅಷ್ಟೇ ಹೋಗಿತ್ತು.

ನಾನೇ ಕೈ ಓರೆ ಮಾಡುತ್ತಿದ್ದೇನೋ ಅಂತ ನನ್ನದೇ ಇನ್ನೊಂದು ಗರಗಸದಲ್ಲಿ ಕೊಯ್ದೆ, ಅದು ಗೆರೆ ಮೇಲೇ ಹೋಯಿತು. ಸುಮ್ನೆ ಕೂತು ಒಂದು ಟೀ ಕುಡಿದೆ. ಆಮೇಲೆ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ, ಅಂದರೆ ಗರಗಸ ಬಿಟ್ಟು ಕೊಯ್ದ ಸಂದನ್ನು ನೋಡಿದೆ. ಬಲಗಡೆಯ ಗೋಡೆ ನುಣುಪಾಗಿತ್ತು. ಎಡಗಡೆಯ ಗೋಡೆಯಲ್ಲಿ ಉಗುರಿನಿಂದ ಗೀರಿದಂಥ ಗೆರೆಗಳು. ಎಡಗಡೆಯ ಹಲ್ಲುಗಳು ಮರವನ್ನು ಜಾಸ್ತಿ ತಿನ್ನುತ್ತಿದ್ದವು.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಗರಗಸದ ಹಲ್ಲುಗಳು ನೇರ ನಿಂತಿರುವುದಿಲ್ಲ. ಒಂದು ಎಡಕ್ಕೆ, ಒಂದು ಬಲಕ್ಕೆ ಕೂದಲೆಳೆಯಷ್ಟು ಬಾಗಿರುತ್ತವೆ. ಅದರಿಂದ ಕೊಯ್ದ ಸಂದು ಅಲಗಿಗಿಂತ ಸ್ವಲ್ಪ ಅಗಲವಾಗಿ, ಅಲಗು ಸಿಕ್ಕಿಹಾಕಿಕೊಳ್ಳದೆ ಓಡಾಡುತ್ತದೆ. ಒಣಮರಕ್ಕೆ ಈ ಬಾಗು ಕಡಿಮೆ ಸಾಕು, ಹಸಿಮರಕ್ಕೆ ಜಾಸ್ತಿ ಬೇಕು. ಎರಡೂ ಕಡೆ ಸಮ ಇರಬೇಕು. ಯಾವ ಕಡೆ ಜಾಸ್ತಿಯೋ ಗರಗಸ ಆ ಕಡೆಗೇ ಹೊರಳುತ್ತದೆ.

ಅಳೆಯುವುದು ಹೇಗೆ? ಪಕ್ಕದ ರಸ್ತೆಯ ಬೈಕ್ ಮೆಕ್ಯಾನಿಕ್ ಹತ್ತಿರ ಎಂಜಿನ್ನಿನ ಟ್ಯಾಪೆಟ್ ಹೊಂದಿಸುವ ಫೀಲರ್ ಗೇಜ್, ಅಂದರೆ ಬೇರೆ ಬೇರೆ ದಪ್ಪದ ತೆಳು ಉಕ್ಕಿನ ಎಲೆಗಳ ಕಟ್ಟು, ಇಸಿದುಕೊಂಡೆ. ದಪ್ಪ ಗಾಜಿನ ಮೇಲೆ ಗರಗಸ ಮಲಗಿಸಿದರೆ ಆ ಕಡೆಗೆ ಬಾಗಿದ ಹಲ್ಲಿನ ತುದಿಗಳು ಗಾಜಿಗೆ ತಾಗಿ, ಅಂಚು ಅಷ್ಟು ಮೇಲೆ ಏಳುತ್ತದೆ. ಅಲಗಿನ ತುದಿಯಿಂದ, ಹಲ್ಲಿನ ಬುಡದ ಪಕ್ಕದಲ್ಲೇ ಗೇಜಿನ ಎಲೆಗಳನ್ನು ಒಂದೊಂದಾಗಿ ತೂರಿಸಿ ನೋಡಿದೆ. ಬಲಗಡೆ 0.15 ಮಿ.ಮೀ. ಮಗುಚಿ ಹಾಕಿದೆ, ಎಡಗಡೆ 0.30. ಎರಡರಷ್ಟು. ಅದೂ ಸಾಲದು ಅಂತ ಬೆರಳಿನ ತುದಿ ಸವರಿದರೆ ಎಡಗಡೆ ಮಾತ್ರ ಪ್ರತಿ ಹಲ್ಲಿನಲ್ಲೂ ಸಣ್ಣ ಮುಳ್ಳು ತಾಗುತ್ತಿತ್ತು. ಅರ ಹಾಕುವಾಗ ಉಕ್ಕಿನ ಪುಡಿ ಪೂರ್ತಿ ಉದುರದೆ ಆಚೆ ಬದಿಗೆ ಮಡಚಿಕೊಂಡು ನಿಲ್ಲುವ ಮುಳ್ಳು ಅದು. ಅಂದರೆ ಇಷ್ಟು ವರ್ಷ ಅರ ಹಾಕಿದ್ದು ಬಲಗಡೆಯಿಂದ ಮಾತ್ರ.

ನಲವತ್ತು ವರ್ಷ ಕೆಲಸ ಮಾಡಿದ ಮನುಷ್ಯ ಹೀಗೆ ಮಾಡುತ್ತಾರಾ? ಇದು ನನಗೆ ಹಿಡಿಸಲಿಲ್ಲ. ಹಲ್ಲು ಸರಿಮಾಡಿ ಕೊಟ್ಟುಬಿಡಬಹುದಿತ್ತು, ಆರು ತಿಂಗಳಲ್ಲಿ ಮತ್ತೆ ಎಡಕ್ಕೆ ಎಳೆಯುತ್ತಿತ್ತು. ಭಾನುವಾರ ಬಸ್ಸು ಹಿಡಿದು ಅವರ ಊರಿಗೇ ಹೋದೆ.

"ಇನ್ನೊಂದು ಗರಗಸ ಇದ್ದರೆ ಅರ ಹಾಕಿ ತೋರಿಸಿ ಆಚಾರ್ರೇ" ಅಂದೆ. ಹಿತ್ತಲಿನ ಮಾಡಿನ ಕೆಳಗೆ ಮಣೆ ಹಾಕಿಕೊಂಡು ಕೂತರು. ಎಡಗಾಲು ಮಡಚಿ, ಬಲಗಾಲು ಉದ್ದಕ್ಕೆ ಚಾಚಿ, ಗರಗಸವನ್ನು ಹಲ್ಲು ಮೇಲಾಗಿ ಎರಡು ಮರದ ತುಂಡುಗಳ ಮಧ್ಯೆ ಸಿಕ್ಕಿಸಿ ಪಾದದಿಂದ ಒತ್ತಿ ಹಿಡಿದರು. ಹಿಡಿ ಬಲಕ್ಕೆ, ಚಾಚಿದ ಕಾಲಿನ ಮೇಲೆ. ಮೂರು ಮೂಲೆ ಅರ ಹಿಡಿದು ಒಂದೇ ಲಯದಲ್ಲಿ, ಸಂದು ಬಿಡದೆ, ತುದಿಯಿಂದ ಹಿಡಿಯ ತನಕ ಬಂದರು. ಕೈ ನೋಡುತ್ತಾ ಕೂತುಬಿಡಬೇಕು ಅನ್ನಿಸುವಂಥ ಕೆಲಸ. ಆದರೆ ಎಲ್ಲವೂ ಒಂದೇ ಕಡೆಯಿಂದ, ಎಲ್ಲವೂ ನೇರ. ಆಮೇಲೆ ಕಚ್ಚು ಹಾಕಿದ ಕಬ್ಬಿಣದ ಪಟ್ಟಿ ತೆಗೆದು ಒಂದೊಂದೇ ಹಲ್ಲಿಗೆ ಸಿಕ್ಕಿಸಿ ಬಗ್ಗಿಸಿದರು. ಆಚೆಗೆ ತಳ್ಳುವಾಗ ಮೈ ಭಾರ ಪೂರ್ತಿ ಬೀಳುತ್ತಿತ್ತು. ತಮ್ಮ ಕಡೆಗೆ ಎಳೆಯುವಾಗ ಬರೀ ಮಣಿಕಟ್ಟು.

ಹಿಡಿ ಬಲಕ್ಕೆ ಇಟ್ಟು, ಹಲ್ಲು ಮೇಲೆ ಮಾಡಿ ಕೂತರೆ ಆಚೆಗಿರುವ ಬದಿ ಯಾವುದು ಗೊತ್ತಾ? ಕೊಯ್ಯುವಾಗಿನ ಎಡ. ಮುಳ್ಳು ಆ ಕಡೆ, ಜಾಸ್ತಿ ಬಾಗೂ ಆ ಕಡೆ.

"ಗರಗಸ ತಿರುಗಿಸಿ ಇಟ್ಟುಕೊಂಡು ಆ ಕಡೆಯಿಂದ ಹಾಕಲ್ವಾ?" ಕೇಳಿದೆ.

"ಹಾಕ್ತಿದ್ದೆ. ಈಗ ಹಿಡಿ ಈ ಮಂಡಿಗೆ ತಗಲ್ತದೆ ನೋಡು" ಅಂತ ಮಡಚಿದ ಎಡ ಮಂಡಿ ತೋರಿಸಿದರು. ಎಡಗಾಲು ಚಾಚಿ ಬಲಗಾಲು ಮಡಚಿದರೆ ಜಾಗವಾಗುತ್ತದೆ, ಆದರೆ ಬಲಗಾಲು ಮಡಚುವುದಿಲ್ಲ. ಎಂಟು ವರ್ಷದ ಹಿಂದೆ ಹೆಂಚು ಸರಿಮಾಡಲು ಮಾಡಿನ ಮೇಲೆ ಹತ್ತಿ ಜಾರಿ ಬಿದ್ದವರು. ಆಮೇಲೆ ಗರಗಸಕ್ಕೆ ಒಂದೇ ಕಡೆಯಿಂದ ಅರ. "ಅದ್ಕೂ ಇದ್ಕೂ ಏನಪ್ಪ ಸಂಬಂಧ?" ಅಂದರು. ಗರಗಸ ಯಾವಾಗಿನಿಂದ ಎಳೆಯುತ್ತಿದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಅರದ ಪುಡಿ ಒರೆಸುತ್ತಾ ಕೂತು, "ಆರೇಳು ವರ್ಸ ಆಗಿರಬೇಕು ಬುಡು" ಅಂದರು.

ವಾಪಸ್ ಬಂದು ಹಲ್ಲಿನ ಕೆಲಸ ಶುರುಮಾಡಿದೆ. ಮೊದಲು ಚಪ್ಪಟೆ ಅರವನ್ನು ಮರದ ತುಂಡಿನ ಕಚ್ಚಿಗೆ ಸಿಕ್ಕಿಸಿ, ಹಲ್ಲಿನ ತಲೆಗಳ ಮೇಲೆ ಹಿಡಿಯಿಂದ ತುದಿಗೆ ಉದ್ದಕ್ಕೆ ಓಡಿಸಿ ಎಲ್ಲವನ್ನೂ ಒಂದೇ ಎತ್ತರಕ್ಕೆ ತರಬೇಕು. ಇದನ್ನು ಮಾಡದೆ ಅರ ಹಾಕಿದರೆ ದೊಡ್ಡ ಹಲ್ಲು ದೊಡ್ಡದಾಗೇ ಉಳಿಯುತ್ತದೆ, ಕೊಯ್ಯುವ ಕೆಲಸವೆಲ್ಲ ಅದೇ ಮಾಡುತ್ತದೆ. ಎಂಟು ಹತ್ತು ಸಲ ಓಡಿಸಿದ ಮೇಲೆ ತಲೆಗಳ ಮೇಲೆ ಬೆಳ್ಳಗೆ ಹೊಳೆಯುವ ಚುಕ್ಕೆ ಮೂಡಿದವು, ದೊಡ್ಡ ಹಲ್ಲಿನ ಮೇಲೆ ಎಳ್ಳಿನಷ್ಟು, ಚಿಕ್ಕದರ ಮೇಲೆ ರಾಗಿಯಷ್ಟು. ಆರು ಹಲ್ಲುಗಳಿಗೆ ಅರ ತಾಗಲೇ ಇಲ್ಲ, ಅಷ್ಟು ಗಿಡ್ಡ. ಅವುಗಳಿಗೋಸ್ಕರ ಉಳಿದ 176ನ್ನು ಸವೆಸುವುದು ದಡ್ಡತನ. ಬಿಟ್ಟೆ. ಮುಂದಿನ ಎರಡು ಮೂರು ಸಲದಲ್ಲಿ ತಾವಾಗಿ ಸಾಲಿಗೆ ಬರುತ್ತವೆ.

ಇದರಲ್ಲಿ ಇನ್ನೊಂದು ಲಾಭ. ಬಾಗಿರುವುದು ಹಲ್ಲಿನ ತುದಿ ಮಾತ್ರ ಅಲ್ವಾ, ತಲೆ ಸವೆದರೆ ಬಾಗೂ ಕಡಿಮೆಯಾಗುತ್ತದೆ. ಎಡಗಡೆಯ 0.30 ಹಾಗೇ 0.22ಕ್ಕೆ ಇಳಿಯಿತು. ಬಾಗಿದ ಹಳೇ ಹಲ್ಲನ್ನು ಇಕ್ಕಳದಿಂದ ವಾಪಸ್ ನೆಟ್ಟಗೆ ಮಾಡುವುದು ಅಪಾಯ, ಮುರಿಯುತ್ತದೆ. ನಂಬದೆ ಹಿಡಿಯ ಹತ್ತಿರದ ಒಂದರ ಮೇಲೆ ಪ್ರಯೋಗ ಮಾಡಿದೆ, ಟಕ್ ಅಂತ ಹೋಯಿತು. ಒಂದು ಹಲ್ಲು ಹೋದರೆ ಕೊಯ್ಯುವುದಕ್ಕೆ ಏನೂ ಆಗುವುದಿಲ್ಲ, ನನ್ನ ಮುಖಕ್ಕೆ ಮಾತ್ರ ಆಯಿತು.

ಇನ್ನು ಹಲ್ಲಿನ ಆಕಾರ. ನಾರಿನ ಉದ್ದಕ್ಕೆ ಸೀಳುವ ಗರಗಸದ ಹಲ್ಲು ಸಣ್ಣ ಉಳಿಗಳ ಹಾಗೆ: ಮುಂಭಾಗ ಹೆಚ್ಚೂಕಡಿಮೆ ನೆಟ್ಟಗೆ, 0ಯಿಂದ 8 ಡಿಗ್ರಿ ಹಿಂದಕ್ಕೆ ವಾಲಿರುತ್ತದೆ, ಅರ ಅಲಗಿಗೆ ನೇರ ಅಡ್ಡಕ್ಕೆ. ನಾರಿಗೆ ಅಡ್ಡ ಕೊಯ್ಯುವ ಗರಗಸದ್ದು ಚಾಕುಗಳ ಹಾಗೆ: 15 ಡಿಗ್ರಿ ಹಿಂದಕ್ಕೆ ವಾಲಿ, ಅರವನ್ನೂ 20, 25 ಡಿಗ್ರಿ ಓರೆ ಹಿಡಿದು ಪ್ರತಿ ಹಲ್ಲಿಗೂ ಪಕ್ಕದಲ್ಲಿ ಅಂಚು ತರಬೇಕು. ಇದು ಅಡ್ಡ ಕೊಯ್ಯಲು ಹುಟ್ಟಿದ ಗರಗಸ. ಎಂಟು ವರ್ಷದ ನೇರ ಅರದಿಂದ ಸೀಳುವ ಗರಗಸವಾಗಿಬಿಟ್ಟಿತ್ತು, ಅದಕ್ಕೇ ಅಡ್ಡ ಕೊಯ್ದಾಗ ಕೆಳಗಡೆ ನಾರು ಕಿತ್ತು ಬರುತ್ತಿತ್ತು. ಆಚಾರ್ರಿಗೆ ಕೈಗರಗಸ ಅಂತ ಕೆಲಸಕ್ಕೆ ಬರುವುದು ಇದೊಂದೇ, ಎರಡೂ ಇದರಲ್ಲೇ ಆಗಬೇಕು. ಹಾಗಾಗಿ 10 ಡಿಗ್ರಿ ವಾಲಿಕೆ, 15 ಡಿಗ್ರಿ ಓರೆ. ಪೂರ್ತಿ ಚಾಕುವೂ ಅಲ್ಲ, ಪೂರ್ತಿ ಉಳಿಯೂ ಅಲ್ಲ. ಶುದ್ಧ ಮಡಿಯವರು ಇದನ್ನು ಒಪ್ಪುವುದಿಲ್ಲ, ಅವರು ಎರಡು ಗರಗಸ ಇಟ್ಟುಕೊಂಡಿರುತ್ತಾರೆ.

ಅರದ ಆಯ್ಕೆಗೆ ಒಂದೇ ಲೆಕ್ಕ: ಅರದ ಮುಖದ ಅಗಲ ಹಲ್ಲಿನ ಆಳದ ಎರಡರಷ್ಟಕ್ಕಿಂತ ಸ್ವಲ್ಪ ಜಾಸ್ತಿ ಇರಬೇಕು, ಆಗ ಮೂರು ಮೂಲೆಯನ್ನೂ ಬಳಸಬಹುದು. ಸೀಮೆಸುಣ್ಣ ಉಜ್ಜಿಕೊಂಡರೆ ಸಂದಿನಲ್ಲಿ ಉಕ್ಕಿನ ಪುಡಿ ಕಚ್ಚುವುದಿಲ್ಲ. ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತು, ವಾಪಸ್ ಬರುವಾಗ ಎತ್ತಿಬಿಡಬೇಕು. ಅಲಗು ಹಲ್ಲಿನ ಬುಡದ ತನಕ ಗಟ್ಟಿಯಾಗಿ ಕಚ್ಚಿಕೊಂಡಿರಬೇಕು. ಅರ ಕಿರುಚಿತು ಅಂದರೆ ಅಲಗು ಅದುರುತ್ತಿದೆ ಅಂತ, ಅರವೂ ಹಾಳು, ಹಲ್ಲೂ ಹಾಳು.

ಮೊದಲ ಸುತ್ತು ನೇರವಾಗಿ, ಆಕಾರಕ್ಕೆ ಮಾತ್ರ. ಆಮೇಲೆ ಹಲ್ಲು ಬಾಗಿಸುವ ಇಕ್ಕಳದಿಂದ ಬಲಗಡೆಯ ಹಲ್ಲುಗಳನ್ನು 0.20ರ ಹತ್ತಿರ ತಂದೆ, ಹಲ್ಲಿನ ಮೇಲಿನ ಅರ್ಧ ಮಾತ್ರ ಬಾಗುವ ಹಾಗೆ. ಇನ್ನೊಂದು ಸಲ ಚಪ್ಪಟೆ ಅರ ಹಗುರಾಗಿ ಓಡಿಸಿ, ಕೊನೆಯ ಸುತ್ತಿಗೆ ಓರೆ ಅರ. ಸಂದುಗಳಿಗೆ ಮಾರ್ಕರ್ ಬಳಿದುಕೊಂಡೆ, ಇಲ್ಲದಿದ್ದರೆ ಯಾವುದು ಆಯಿತು ಯಾವುದು ಬಿಟ್ಟೆ ಅಂತ ನಡುವೆ ಕಳೆದುಹೋಗುತ್ತೇವೆ. ಒಂದು ಬಿಟ್ಟು ಒಂದು ಸಂದು, ತುದಿಯ ತನಕ 91. ಗರಗಸ ತಿರುಗಿಸಿ ಕಟ್ಟಿ, ಬಿಟ್ಟ 91. ಹೊಳೆಯುವ ಚುಕ್ಕೆ ಕಾಣುತ್ತಿದ್ದರೆ ಇನ್ನೊಂದು ತಳ್ಳು, ಮಾಯವಾದ ತಕ್ಷಣ ನಿಲ್ಲಿಸು. ನಿಲ್ಲಿಸುವುದೇ ಕಷ್ಟ, ಕೈ ಇನ್ನೊಂದು ಇನ್ನೊಂದು ಅನ್ನುತ್ತದೆ. ಕೊನೆಗೆ ಎಡಗಡೆಯ ಹಲ್ಲಿನ ಪಕ್ಕಕ್ಕೆ ಸಾಣೆಕಲ್ಲು ಚಪ್ಪಟೆಯಾಗಿಟ್ಟು ಎರಡೇ ಎರಡು ಸಲ ಎಳೆದೆ. ಅದೂ 0.20 ಆಯಿತು.

ಪರೀಕ್ಷೆಗೆ ಹೊಲಿಗೆ ಸೂಜಿ. ಓರೆ ಅರ ಹಾಕಿದ ಗರಗಸದಲ್ಲಿ ಎಡ ಬಲ ಹಲ್ಲಿನ ತುದಿಗಳ ಮಧ್ಯೆ ಉದ್ದಕ್ಕೂ ಸಣ್ಣ ಕಾಲುವೆ ಇರುತ್ತದೆ. ಸೂಜಿ ಅದರಲ್ಲಿ ಇಟ್ಟು ಗರಗಸ ಸ್ವಲ್ಪ ಓರೆ ಮಾಡಿದರೆ ಜಾರಿಕೊಂಡು ಹೋಗಬೇಕು. ಮೊದಲ ಸಲ ಮಧ್ಯದಲ್ಲಿ ಪಕ್ಕಕ್ಕೆ ಬಿತ್ತು, ಅಲ್ಲಿಯ ಒಂದು ಹಲ್ಲು ನೆಟ್ಟಗೇ ಉಳಿದಿತ್ತು. ಸರಿಮಾಡಿದೆ. ಎರಡನೇ ಸಲ ಹಿಡಿಯಿಂದ ತುದಿಗೆ 26 ಇಂಚು, ಚರಂಡಿಯಲ್ಲಿ ಬಿಟ್ಟ ಕಾಗದದ ದೋಣಿಯ ಹಾಗೆ ಹೋಯಿತು. ಅದೇ ಬೇವಿನ ಹಲಗೆ, 4 ಇಂಚು. ಗೆರೆ ಅರ್ಧ ಹಲಗೆಯ ಮೇಲೆ ಉಳಿಯಿತು, ಅರ್ಧ ಪುಡಿಯಾಗಿ ಉದುರಿತು.

ಒಟ್ಟು ಹನ್ನೊಂದು ಗಂಟೆಯ ಕೆಲಸ, ಅದರಲ್ಲಿ ನಾಲ್ಕು ಗಂಟೆ ಸುತ್ತಿಗೆ ಹಿಡಿದು ದಂಡ. ಇಷ್ಟು ಮಾಡುವ ಬದಲು ಹೊಸದು ತರಬಹುದಿತ್ತಲ್ಲ ಅಂತ ಕೇಳುವವರಿದ್ದಾರೆ. ತರಬಹುದು. ಅಂಗಡಿಯಲ್ಲಿ ಈಗ ಜಾಸ್ತಿ ಸಿಗುವುದು ಹಲ್ಲಿನ ತುದಿ ನೀಲಿ ಕಪ್ಪಾಗಿರುವವು. ತುದಿಯನ್ನು ಕಾಯಿಸಿ ಅಷ್ಟು ಗಡಸು ಮಾಡಿರುತ್ತಾರೆ, ಅರವೇ ಜಾರುತ್ತದೆ. ಒಂದಷ್ಟು ವರ್ಷ ಚೆನ್ನಾಗಿ ಕೊಯ್ಯುತ್ತವೆ, ಮೊಂಡಾದ ಮೇಲೆ ಗುಜರಿಗೆ.

ಗರಗಸದ ಜೊತೆ ಇನ್ನೊಂದನ್ನೂ ಮಾಡಿದೆ, ಆ ಮಂಡಿಗೋಸ್ಕರ. ಪ್ಯಾಕಿಂಗ್ ಪೆಟ್ಟಿಗೆಯ ಎರಡು ಹಲಗೆ, ಕೆಳಗೆ ಕೀಲು, ಮಧ್ಯದಲ್ಲಿ ಕಿವಿ ನಟ್ಟಿನ ಬೋಲ್ಟು. ಗರಗಸ ಮಧ್ಯೆ ಇಳಿಸಿ ಬಿಗಿದರೆ ಹಲ್ಲು ಮಾತ್ರ ಮೇಲೆ. ಅದಕ್ಕೆ ಮರದ ಕಾಲು ಕಟ್ಟಿ, ನಿಂತವರ ಎದೆಮಟ್ಟಕ್ಕೆ ಬರುವ ಹಾಗೆ ಮಾಡಿದೆ. ಮೇಲಂಚಿನಲ್ಲಿ 15 ಡಿಗ್ರಿಯ ಗೆರೆಗಳು, ಆ ಕಡೆ ಈ ಕಡೆ ಎರಡಕ್ಕೂ. ನಿಂತೇ ಅರ ಹಾಕಬಹುದು, ತಿರುಗಿಸಿ ಇನ್ನೊಂದು ಕಡೆಯಿಂದಲೂ ಹಾಕಬಹುದು. ಕೊಟ್ಟಾಗ ಆಚಾರ್ರು ಗರಗಸಕ್ಕಿಂತ ಇದನ್ನೇ ಜಾಸ್ತಿ ಹೊತ್ತು ನೋಡಿದರು. "ನಿಂತ್ಕೊಂಡು ಅರ ಹಾಕೋದಾ? ಹಜಾಮತಿ ಮಾಡ್ದಂಗೆ" ಅಂತ ನಕ್ಕರು. ಆದರೂ ಹೊತ್ತುಕೊಂಡು ಹೋದರು.

ಮೂರು ತಿಂಗಳಾದ ಮೇಲೆ ಮತ್ತೆ ಬಂದರು, ಒಂದು ಅಚ್ಚು ಬೆಲ್ಲದ ಪೊಟ್ಟಣ, ಗೋಣಿಯಲ್ಲಿ ಅದೇ ಗರಗಸ. ಎದೆ ಡವಗುಟ್ಟಿತು. ದೂರೇನೂ ಇಲ್ಲ, ತೋರಿಸಲು ತಂದದ್ದು. ಒಂದು ಸಲ ಅರ ಹಾಕಿದ್ದಾರೆ, ಎರಡೂ ಕಡೆಯಿಂದ. ಗಾಜಿನ ಮೇಲೆ ಇಟ್ಟು ಅಳೆದೆ: ಎಡ 0.20, ಬಲ 0.18. ಬಿಟ್ಟಿದ್ದ ಆರು ಗಿಡ್ಡ ಹಲ್ಲುಗಳಲ್ಲಿ ಎರಡು ಸಾಲಿಗೆ ಬಂದಿದ್ದವು. ನನ್ನ ಕೈಗಿಂತ ಅವರ ಕೈ ನುಣುಪು, ಅದನ್ನು ಹೇಳಲೇಬೇಕು.

ಹಿಡಿಗೆ ಮತ್ತೆ ಸೈಕಲ್ ಟ್ಯೂಬ್ ಸುತ್ತಿತ್ತು. ಹೊಸ ಟ್ಯೂಬು, ಹಿಂದಿನದಕ್ಕಿಂತ ದಪ್ಪಗೆ. ಮೂರು ಸಲ ಅಗಸೆ ಎಣ್ಣೆ ಕುಡಿದ ಬೀಚ್ ಮರ ಅದರ ಒಳಗೆ ಎಲ್ಲೋ ಇತ್ತು.

"ಎಣ್ಣೆ ಹಚ್ಚಿ ನುಣ್ಣಗೆ ಮಾಡಿಟ್ಟಿದ್ಯಲ್ಲಪ್ಪ, ಬೆವರು ಕೈಗೆ ಜಾರ್ತಿತ್ತು" ಅಂದರು. "ಆ ಹಳೇ ಟ್ಯೂಬೇ ಚೆನ್ನಾಗಿತ್ತು. ಏನ್ ಮಾಡ್ದೆ ಅದ್ನ?"